ಗಾಸ್ಟೈನ್ ಕಣಿವೆಯ ಬಿಸಿನೀರು ಮತ್ತು ಹಿಮ

ಆಲ್ಪ್ಸ್ ಪರ್ವತಗಳೆಂದೊಡನೆ ನಮ್ಮಲ್ಲಿ ಬಹುಮಂದಿಗೆ ಸ್ವಿಟ್ಜರ್ಲೆಂಡಿನ ನೆನಪಾಗುವುದು ಸಹಜ. ಆದರೆ ಆ ಪರ್ವತಶ್ರೇಣಿಯ ದೊಡ್ಡದೊಂದು ಭಾಗ ಆಸ್ಟ್ರಿಯಾ ದೇಶಕ್ಕೆ ಸೇರಿದುದು. ಆ ದೇಶದ ಸಾಲ್ಜ್‌ಬರ್ಗ್ ಪ್ರಾಂತದ ತೆಂಕಣ ಅಂಚಿನಲ್ಲಿ ಗಾಸ್ಟೈನ್ ಎಂಬ ಕಣಿವೆಯೊಂದಿದೆ. ಕಣಿವೆಯಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಮೂರು ಊರುಗಳು: ಕೆಳಗೆ ಡಾರ್ಫ್‌ಗಾಸ್ಟೈನ್, ನಡುವೆ ಬಾಡ್ ಹೋಫ್‌ಗಾಸ್ಟೈನ್, ಮೇಲೆ ಬಾಡ್ ಗಾಸ್ಟೈನ್. ‘ಬಾಡ್’ ಎಂದರೆ ಜರ್ಮನ್ ಭಾಷೆಯಲ್ಲಿ ಸ್ನಾನ. ಸಮುದ್ರಮಟ್ಟದಿಂದ ಸುಮಾರು ೩,೩೦೦ ಅಡಿ ಎತ್ತರದಲ್ಲಿರುವ ಈ ಮೇಲಣ ಊರಿನಲ್ಲಿ ಬೆಟ್ಟದ ಒಡಲಿನಿಂದ ಬಿಸಿನೀರು ಉಕ್ಕುತ್ತದೆ. ಸುತ್ತಣ ಬೆಟ್ಟಗಳ ನೆತ್ತಿಯ ಮೇಲೆ ಚಳಿಗಾಲವೆಲ್ಲ ಹಿಮ ಹೊದೆದಿರುತ್ತದೆ. ಬೆಳಿಗ್ಗೆ ಹಿಮದ ಮೇಲೆ ಜಾರಿ, ಸಂಜೆ ಬಿಸಿನೀರಿನಲ್ಲಿ ಮೈ ನೆನೆಸುವ ಭಾಗ್ಯ ಒಂದೇ ಊರಿನಲ್ಲಿ ದೊರೆಯುವುದೆಂದು ಕೇಳಿ, ಒಂದು ಫೆಬ್ರವರಿ ತಿಂಗಳಿನಲ್ಲಿ ನಾವು ಹತ್ತು ದಿನಗಳ ಮಟ್ಟಿಗೆ ಅಲ್ಲಿಗೆ ಹೋದೆವು. ಮಂಡಿನೋವಿನಿಂದ ಬಳಲುತ್ತಿದ್ದ ಅತ್ತಿಗೆಯವರೂ, ಹಿಮವನ್ನು ಕಣ್ಣಾರೆ ಕಂಡಿರದ ಹನ್ನೆರಡು ವರ್ಷದ ಅವರ ಮಗನೂ ನಮ್ಮ ಜೊತೆಯಲ್ಲಿದ್ದರು. ಒಬ್ಬರಿಗೆ ನೀರು ಬೇಕು, ಇನ್ನೊಬ್ಬನಿಗೆ ಹಿಮ ಬೇಕು. ಇಬ್ಬರ ಬಯಕೆಯೂ ಈಡೇರುವ ಊರು ಇದಕ್ಕಿಂತ ಬೇರೆ ಎಲ್ಲಿದ್ದೀತು?

ಸಾಲ್ಜ್‌ಬರ್ಗ್ ನಗರದಿಂದ ಅಲ್ಲಿಗೆ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆಯ ಪಯಣ. ಮೊದಲು ಸಾಲ್ಜಾಕ್ ನದಿಯ ದಡವನ್ನೇ ಹಿಡಿದು ಸಾಗುವ ಗಾಡಿ ಶ್ವಾರ್ಜಾಕ್ ಎಂಬ ನಿಲ್ದಾಣವನ್ನು ದಾಟಿದ ಮೇಲೆ ಬೆಟ್ಟವನ್ನೇರತೊಡಗುವುದು. ಕಣಿವೆಯ ಬಾಗಿಲಿನಂತಿರುವ ಇಕ್ಕಟ್ಟಾದ ಕಮರಿಯೊಂದನ್ನು ಹೊಕ್ಕು ಹೊರಬಂದೊಡನೆ ಎರಡು ಕಡೆಯೂ ಬಿಳುಪು ಹರಡಿದ ಬಯಲು, ಮರದ ಮನೆಗಳು, ಗೋಪುರವೆತ್ತಿದ ಪುಟ್ಟ ಚರ್ಚುಗಳು ಕಾಣಬರುವುವು. ಈ ರೈಲುದಾರಿ ಬಾಡ್ ಗಾಸ್ಟೈನಿಗೆ ಬಂದುದು ೧೯೦೫ರಲ್ಲಿ. ಊರಿನಿಂದಾಚೆಗೆ ಪರ್ವತವನ್ನೇ ಕೊರೆದು ಮಾಡಿದ ಐದು ಮೈಲಿಗೂ ಮಿಕ್ಕ ಉದ್ದದ ಟವರ್ನ್ ಸುರಂಗವು ೧೯೦೯ರಲ್ಲಿ ಮುಗಿದು, ಚಕ್ರವರ್ತಿ ಫ್ರಾನ್ಸ್ ಯೋಸೆಫನ ಸಮ್ಮುಖದಲ್ಲಿ ಸಂಚಾರಕ್ಕೆ ತೆರೆಯಿತು. ಅದಕ್ಕೆ ಮುಂಚೆ ಇಲ್ಲಿಗೆ ಬರುವವರು ಕುದುರೆಗಾಡಿಯಲ್ಲಿ ಕುಲುಕಾಡಿಕೊಂಡೇ ಬರಬೇಕಾಗಿತ್ತು. ಹಾಗಿದ್ದರೂ ಶತಮಾನಗಳಿಂದ ಜನ ಬರುತ್ತಲೇ ಇದ್ದರೆಂದರೆ ಆ ನೀರಿನ ಖ್ಯಾತಿ ಎಷ್ಟಿದ್ದಿರಬೇಕೆಂಬುದನ್ನು ವಾಚಕರು ಊಹಿಸಿಕೊಳ್ಳಬಹುದು.

ನಿಲ್ದಾಣದಿಂದ ಹೊರಬಂದು ಊರನ್ನು ನೋಡಿದವನಿಗೆ ಮೊದಲು ಆಗುವುದು ಆನಂದವಲ್ಲ, ದಿಗ್ಭ್ರಮೆ. ಊರು ನೆಲದ ಮೇಲೆ ಹರಡಿಕೊಂಡಿಲ್ಲ. ಗೋಡೆಗೆ ಬಡಿದ ಗೂಟಗಳಂತೆ ಕಡಿದಾದ ಬೆಟ್ಟದ ಮೈಗೆ ಅಂಟಿಕೊಂಡಿದೆ. ಏಳೆಂಟು ಅಂತಸ್ತಿನ ಅರಮನೆಯಂತಹ ಹೋಟೆಲುಗಳು ಒಂದರ ತಲೆಯ ಮೇಲೊಂದು ನಿಂತಿವೆ. ಒಂದು ಬೀದಿಯಿಂದ ಒಳಹೊಕ್ಕು ಹಲವು ಅಂತಸ್ತುಗಳನ್ನು ಇಳಿದರೆ ಇನ್ನೊಂದು ಬೀದಿಗೆ ಬಾಗಿಲು! ಊರಿನ ನಟ್ಟನಡುವೆ, ಈ ಕಟ್ಟಡಗಳನ್ನು ಸೀಳಿಕೊಂಡು, ಗಾಸ್ಟೈನರ್ ಆಖ್ ಎಂಬ ಹೊಳೆ ಮೂರು ಹಂತಗಳಲ್ಲಿ ಒಟ್ಟು ೧,೧೦೦ ಅಡಿಗೂ ಹೆಚ್ಚು ಆಳಕ್ಕೆ ಧುಮ್ಮಿಕ್ಕುತ್ತದೆ. ಜಲಪಾತವಿರುವ ಊರುಗಳು ಉಂಟು. ಆದರೆ ಜಲಪಾತವನ್ನೇ ನಡುಮನೆಯಲ್ಲಿಟ್ಟುಕೊಂಡು ಸಂಸಾರ ಮಾಡುವ ಊರನ್ನು ನಾವು ಕಂಡುದು ಇದೇ ಮೊದಲು. ಚಳಿಗಾಲದಲ್ಲಿ ಅದರ ತುಂತುರು ಅಕ್ಕಪಕ್ಕದ ಮರಗಳ ಮೇಲೂ ಸೇತುವೆಯ ಕಂಬಿಗಳ ಮೇಲೂ ಹೆಪ್ಪುಗಟ್ಟಿ ಗಾಜಿನ ತೋರಣ ಕಟ್ಟಿದಂತಿರುವುದು. ರಾತ್ರಿಯೆಲ್ಲ ಆ ಮೊರೆತವನ್ನು ಕೇಳುತ್ತಲೇ ನಿದ್ರಿಸಬೇಕು. ಮೊದಲ ರಾತ್ರಿ ಅತ್ತಿಗೆಯವರು, “ಮಳೆ ನಿಂತಿತೇನೋ ನೋಡಪ್ಪಾ” ಎಂದು ಮಗನನ್ನು ಎಬ್ಬಿಸಿದರು. ಹೊರಗೆ ಮಳೆಯೆಲ್ಲಿಯದು? ಆಕಾಶದ ತುಂಬ ನಕ್ಷತ್ರಗಳು.

ಈ ಕಣಿವೆಯವರನ್ನು ಕಾಲಕಾಲಕ್ಕೆ ಮೂರು ವಸ್ತುಗಳು ಸಾಕಿವೆ: ಚಿನ್ನ, ನೀರು, ಹಿಮ. ಮೂರನ್ನೂ ಅವರು ಬೆವರು ಸುರಿಸಿ ಬೆಳೆದುದಲ್ಲ, ಬೆಟ್ಟವೇ ಕೊಟ್ಟುದು. ಕೊಟ್ಟುದನ್ನು ಜನ ಹೇಗೆ ಬಳಸಿದರು, ಅದರಿಂದ ಏನಾಯಿತು ಎಂಬುದೇ ಈ ಊರಿನ ಚರಿತ್ರೆ.

ಮೊದಲನೆಯದು ಚಿನ್ನ. ಹದಿನಾರನೆಯ ಶತಮಾನದಲ್ಲಿ ಇಲ್ಲಿಯ ಬೆಟ್ಟಗಳ ಗಣಿಗಳು ಯುರೋಪಿನಲ್ಲೆಲ್ಲ ಹೆಸರಾಗಿದ್ದುವು. ವೈಟ್‌ಮೋಸರ್ ಎಂಬ ಮನೆತನದವರು ಆ ಗಣಿಗಳಿಂದ ಅಪಾರ ಐಶ್ವರ್ಯವನ್ನು ಗಳಿಸಿದರು. ಅವರ ಚಿಕ್ಕ ಕೋಟೆಮನೆ ಹೋಫ್‌ಗಾಸ್ಟೈನಿನಲ್ಲಿ ಇಂದಿಗೂ ನಿಂತಿದೆ. ಆ ಮನೆಯ ಯಜಮಾನಿತಿಯ ಬಗ್ಗೆ ಒಂದು ಐತಿಹ್ಯವುಂಟು. ಒಮ್ಮೆ ಆಕೆ ಸಡಗರದಿಂದ ಕುದುರೆಯೇರಿ ಕಮರಿಯ ದಾರಿಯಲ್ಲಿ ಹೋಗುತ್ತಿರುವಾಗ ಮುದುಕಿಯೊಬ್ಬಳು ಭಿಕ್ಷೆ ಬೇಡಿದಳಂತೆ. ಆಕೆ ಕೊಡದೆ ಗದರಿಸಿದಾಗ, “ನೀನೂ ಒಂದು ದಿನ ನನ್ನಂತೆಯೇ ಬೇಡುವೆ” ಎಂದು ಮುದುಕಿ ಶಪಿಸಿದಳು. ಯಜಮಾನಿತಿ ನಕ್ಕು, ಬೆರಳಿನ ಉಂಗುರವನ್ನು ಕಳಚಿ ಹೊಳೆಗೆ ಎಸೆದು, “ಈ ಉಂಗುರ ನನಗೆ ಮತ್ತೆ ಸಿಕ್ಕಿದಂದು ನಾನು ಬಡವಳಾದೇನು” ಎಂದಳು. ಕೆಲವು ದಿನಗಳಲ್ಲಿಯೇ ಊಟಕ್ಕೆಂದು ತಂದ ಮೀನಿನ ಹೊಟ್ಟೆಯಲ್ಲಿ ಆ ಉಂಗುರ ಸಿಕ್ಕಿತು. ಬಳಿಕ ಗಣಿ ಬತ್ತಿತು, ಸಿರಿ ಕರಗಿತು. ಮೀನಿನ ಹೊಟ್ಟೆಯ ಉಂಗುರವೆಂದರೆ ನಮಗೆ ಶಕುಂತಲೆಯ ನೆನಪಾಗದಿರುವುದೇ? ಅಲ್ಲಿ ಉಂಗುರ ಮರಳಿ ಬಂದು ಮರೆವನ್ನು ಕಳೆಯಿತು. ಇಲ್ಲಿ ಮರಳಿ ಬಂದು ಮದವನ್ನು ಕಳೆಯಿತು. ಕತೆ ನಿಜವೋ ಸುಳ್ಳೋ, ಗಣಿಗಳು ಬತ್ತಿದ್ದಂತೂ ನಿಜ.

ಎರಡನೆಯದು ನೀರು. ಬೆಟ್ಟದ ಮೇಲೆ ಬಿದ್ದ ಮಳೆಯೂ ಕರಗಿದ ಹಿಮವೂ ಬಂಡೆಯ ಬಿರುಕುಗಳಲ್ಲಿ ಇಂಗಿ, ಬಹು ಆಳಕ್ಕೆ ಹೋಗಿ, ಭೂಮಿಯ ಕಾವಿನಿಂದ ಕಾದು, ಸಾವಿರಾರು ವರ್ಷಗಳ ಮೇಲೆ ಮರಳಿ ಹೊರಕ್ಕೆ ಬರುತ್ತದೆಂದು ಬಲ್ಲವರು ಹೇಳುತ್ತಾರೆ. ಹದಿನೇಳು ಹದಿನೆಂಟು ಊಟೆಗಳಿಂದ ದಿನಕ್ಕೆ ಸುಮಾರು ಐವತ್ತು ಲಕ್ಷ ಲೀಟರು ನೀರು ಬರುತ್ತದೆ. ಅದರ ಬಿಸಿ ೪೭ ಡಿಗ್ರಿ ಸೆಂಟಿಗ್ರೇಡಿನವರೆಗೂ ಇರುವುದರಿಂದ ತಣಿಸಿಯೇ ಸ್ನಾನಕ್ಕೆ ಬಿಡಬೇಕು. ಗಂಧಕದ ವಾಸನೆಯಾಗಲಿ ಉಪ್ಪಿನ ರುಚಿಯಾಗಲಿ ಇಲ್ಲ. ಹಾಗಾದರೆ ಇದರ ಗುಣವೇನೆಂದು ಬಹುಕಾಲ ಯಾರಿಗೂ ತಿಳಿದಿರಲಿಲ್ಲ. ವಿಯೆನ್ನಾದ ಭೌತವಿಜ್ಞಾನಿ ಹೈನ್ರಿಕ್ ಮಾಖೆಯು ೧೯೦೪ರಲ್ಲಿ ಪರೀಕ್ಷಿಸಿ, ಇದರಲ್ಲಿ ರೇಡಾನ್ ಎಂಬ ವಿಕಿರಣಶೀಲ ಅನಿಲ ಕರಗಿದೆಯೆಂದು ತೋರಿಸಿಕೊಟ್ಟನು.

ಗುಣದ ಕಾರಣ ತಿಳಿಯುವುದಕ್ಕೆ ಮುಂಚೆಯೇ ದೊರೆಗಳೂ ಕಲಾವಿದರೂ ಇಲ್ಲಿಗೆ ಬರುತ್ತಿದ್ದರು. ಸಂಗೀತಗಾರ ಮೋಟ್ಸಾರ್ಟನಿಗೆ ಒಡೆಯನಾಗಿದ್ದ ಆರ್ಚ್‌ಬಿಷಪ್ ಕೊಲೊರೆಡೊ ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಇಲ್ಲಿ ಸ್ನಾನದ ಅರಮನೆಯೊಂದನ್ನು ಕಟ್ಟಿಸಿದನು. ಫ್ರಾನ್ಸ್ ಷೂಬರ್ಟನು ೧೮೨೫ರ ಬೇಸಗೆಯಲ್ಲಿ ಇಲ್ಲಿದ್ದು ಪಿಯಾನೋ ಸೊನಾಟಾ ಒಂದನ್ನು ರಚಿಸಿದನು. ೧೮೬೫ರ ಆಗಸ್ಟ್ ೧೪ರಂದು ಪ್ರಷ್ಯಾ ಮತ್ತು ಆಸ್ಟ್ರಿಯಾಗಳ ನಡುವೆ ಗಾಸ್ಟೈನ್ ಒಪ್ಪಂದವೆಂದು ಪ್ರಸಿದ್ಧವಾದ ಕರಾರು ನಡೆದುದೂ ಇಲ್ಲಿಯೇ. ಬಿಸಿನೀರಿನ ಊರಿನಲ್ಲಿ ಆದ ಆ ಸ್ನೇಹ ಒಂದು ವರ್ಷ ತುಂಬುವುದರೊಳಗೆ ತಣ್ಣಗಾಗಿ, ೧೮೬೬ರಲ್ಲಿ ಎರಡು ರಾಜ್ಯಗಳೂ ಯುದ್ಧಕ್ಕೆ ನಿಂತುವು.

ನಮ್ಮ ಮನಸ್ಸನ್ನು ಹೆಚ್ಚಾಗಿ ಸೆಳೆದುದು ಮಾತ್ರ ಬೇರೊಬ್ಬ ಅತಿಥಿಯ ನೆನಪು. ಸುಭಾಷಚಂದ್ರ ಬೋಸರು ೧೯೩೬ರಲ್ಲಿಯೂ ೧೯೩೭ರ ಕೊನೆಯಲ್ಲಿಯೂ ಈ ಊರಿನ ಹೋಖ್‌ಲಾಂಡ್ ಎಂಬ ಚಿಕಿತ್ಸಾಗೃಹದಲ್ಲಿ ತಂಗಿದ್ದರು. ಸೆರೆಮನೆಗಳಲ್ಲಿ ಆರೋಗ್ಯ ಕೆಟ್ಟು ಯುರೋಪಿಗೆ ಬಂದಿದ್ದವರು ಅವರು. ೧೯೩೭ರ ಡಿಸೆಂಬರಿನಲ್ಲಿ, ಹರಿಪುರದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷತೆಯನ್ನು ವಹಿಸಿಕೊಳ್ಳುವುದಕ್ಕೆ ಕೆಲವೇ ವಾರಗಳ ಮುಂಚೆ, ಹತ್ತು ದಿನಗಳಲ್ಲಿ ಅವರು ತಮ್ಮ ಆತ್ಮಕಥೆಯನ್ನು ಬರೆದುದು ಇಲ್ಲಿ. ‘ಭಾರತದ ಯಾತ್ರಿಕ’ ಎಂಬ ಅರ್ಥದ ಹೆಸರಿನ ಆ ಗ್ರಂಥ ಅಪೂರ್ಣವಾಗಿಯೇ ಉಳಿಯಿತು. ಕಿಟಕಿಯಾಚೆ ಹಿಮ ಸುರಿಯುತ್ತಿರಲು, ಕಟಕದ ತಮ್ಮ ಬಾಲ್ಯವನ್ನೂ ತಂದೆತಾಯಿಗಳನ್ನೂ ನೆನೆಯುತ್ತ ಬರೆಯುತ್ತಿದ್ದ ಆ ಮಹನೀಯರನ್ನು ಮನಸ್ಸಿನಲ್ಲಿ ಚಿತ್ರಿಸಿಕೊಂಡು ನಾವು ಆ ಬೀದಿಗಳಲ್ಲಿ ನಡೆದಾಡಿದೆವು.

ಸ್ನಾನದ ಕ್ರಮವನ್ನು ಇಲ್ಲಿ ವಿವರಿಸುವುದು ಗೃಹಸ್ಥರಿಗೆ ಉಪಯೋಗವಾದೀತು. ಚಿಕಿತ್ಸೆಗೆಂದು ಬಂದವರನ್ನು ಮೊದಲು ವೈದ್ಯರು ಪರೀಕ್ಷಿಸುವರು. ಗರ್ಭಿಣಿಯರಿಗೂ ಜ್ವರದಿಂದಿರುವವರಿಗೂ ಅನುಮತಿಯಿಲ್ಲ. ತೊಟ್ಟಿಯಲ್ಲಿ ಮೈಬಿಸಿಯಷ್ಟೇ ಬಿಸಿಯಾದ ನೀರಿನಲ್ಲಿ ಸುಮಾರು ಇಪ್ಪತ್ತು ನಿಮಿಷ ಅಲುಗಾಡದೆ ಮಲಗಬೇಕು. ಅನಂತರ ಬಟ್ಟೆ ಹೊದೆದು ಅಷ್ಟೇ ಹೊತ್ತು ವಿಶ್ರಾಂತಿ ಪಡೆಯಬೇಕು. ಪಕ್ಕದ ಬೋಕ್‌ಸ್ಟೈನ್ ಹಳ್ಳಿಯಲ್ಲಿ ಇದಕ್ಕಿಂತ ವಿಚಿತ್ರವಾದ ಚಿಕಿತ್ಸೆಯೊಂದುಂಟು. ೧೯೪೦ರ ದಶಕದಲ್ಲಿ ಹಳೆಯ ಚಿನ್ನದ ಆಸೆಯಿಂದ ಬೆಟ್ಟವನ್ನು ಮತ್ತೆ ಕೊರೆದಾಗ ಚಿನ್ನ ಹೆಚ್ಚಾಗಿ ಸಿಗಲಿಲ್ಲ. ಆದರೆ ಬೆಚ್ಚಗಿದ್ದ ಆ ಸುರಂಗದಲ್ಲಿ ದುಡಿಯುತ್ತಿದ್ದ ಕೂಲಿಗಳ ಕೀಲುನೋವು ಇಳಿಯಿತಂತೆ. ವಿದ್ವಾಂಸರು ಶೋಧಿಸಿದ ಬಳಿಕ ೧೯೫೨ರಿಂದ ಅದೇ ಸುರಂಗ ಚಿಕಿತ್ಸಾಲಯವಾಗಿದೆ. ಚಿಕ್ಕ ರೈಲಿನಲ್ಲಿ ರೋಗಿಗಳನ್ನು ಬೆಟ್ಟದೊಳಗೆ ಕರೆದೊಯ್ದು, ಸೆಕೆಯೂ ತೇವವೂ ತುಂಬಿದ ಗುಹೆಯಲ್ಲಿ ಮಲಗಿಸುತ್ತಾರೆ. ಚಿನ್ನವನ್ನು ಅರಸಿದವರಿಗೆ ಆರೋಗ್ಯ ಸಿಕ್ಕಿತೆಂದು ಊರಿನವರು ಹೆಮ್ಮೆಯಿಂದ ಹೇಳಿಕೊಳ್ಳುವರು.

ಇಲ್ಲಿ ಒಂದು ಎಚ್ಚರಿಕೆಯ ಮಾತು ಅಗತ್ಯ. ಮನೆಗಳಲ್ಲಿ ದೀರ್ಘಕಾಲ ಸಂಗ್ರಹವಾಗುವ ರೇಡಾನ್ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣವಾಗುವುದೆಂದು ವೈದ್ಯಶಾಸ್ತ್ರವೇ ಹೇಳುತ್ತದೆ. ಅಲ್ಪಪ್ರಮಾಣದಲ್ಲಿ, ವೈದ್ಯರ ಕಣ್ಣೆದುರಿಗೆ, ಬೆನ್ನೆಲುಬಿನ ಬಿಗಿತ, ಸಂಧಿವಾತ ಮುಂತಾದುವಕ್ಕೆ ಅದನ್ನು ಬಳಸುವ ಪದ್ಧತಿ ಆಸ್ಟ್ರಿಯಾದಲ್ಲಿ ರೂಢವಾಗಿದ್ದರೂ, ಇದನ್ನು ಸರ್ವರೋಗಹರವೆಂದು ಯಾರೂ ನಂಬಬಾರದು. ಅತ್ತಿಗೆಯವರು ವೈದ್ಯರ ಮಾತನ್ನೆಲ್ಲ ಕೇಳಿ, ಸುರಂಗವನ್ನು ಒಲ್ಲದೆ ತೊಟ್ಟಿಯ ಸ್ನಾನವನ್ನು ಮಾತ್ರ ಒಪ್ಪಿದರು. ಐದು ಸ್ನಾನಗಳಾದ ಮೇಲೆ, “ನೋವು ಹೋಯಿತೇ ಅತ್ತಿಗೆ?” ಎಂದು ಕೇಳಿದೆವು. “ನೋವು ಎಲ್ಲಿಗೂ ಹೋಗಿಲ್ಲ. ಆದರೆ ರಾತ್ರಿ ನಿದ್ದೆ ಮಾಡುತ್ತಿದೆ, ನನಗೂ ಮಾಡಗೊಡುತ್ತಿದೆ” ಎಂದರು. ಅಷ್ಟಾದರೂ ಲಾಭವೇ ಸರಿ.

ಮೂರನೆಯದು ಹಿಮ. ಸ್ಕೀ ಎಂಬುದು ನಾರ್ವೆ ದೇಶದ ಮಾತು. ಕಾಲಿಗೆ ಕಟ್ಟಿಕೊಳ್ಳುವ ಉದ್ದನೆಯ ಹಲಗೆಗಳಿಗೆ ಆ ಹೆಸರು. ಉತ್ತರದವರು ಅದನ್ನು ಹಿಮದ ನಾಡಿನ ಪಾದರಕ್ಷೆಯಾಗಿ ಬಳಸುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಮಥಿಯಾಸ್ ಜ್ದಾರ್ಸ್ಕಿ, ಆಮೇಲೆ ಹಾನ್ನೆಸ್ ಷ್ನೈಡರ್ ಎಂಬ ಆಸ್ಟ್ರಿಯನ್ನರು ಕಡಿದಾದ ಆಲ್ಪ್ಸ್ ಇಳಿಜಾರುಗಳಿಗೆ ತಕ್ಕ ವಿಧಾನಗಳನ್ನು ರೂಪಿಸಿ ಕಲಿಸಿದರು. ಬೇಸಗೆಯಲ್ಲಿ ಮಾತ್ರ ಜೀವ ಪಡೆಯುತ್ತಿದ್ದ ಸ್ನಾನದ ಊರುಗಳಿಗೆ ಇದರಿಂದ ಚಳಿಗಾಲವೂ ಸುಗ್ಗಿಯಾಯಿತು. ೧೯೫೮ರಲ್ಲಿ ಬಾಡ್ ಗಾಸ್ಟೈನಿನ ಗ್ರಾವ್‌ಕೋಗೆಲ್ ಬೆಟ್ಟದಲ್ಲಿ ವಿಶ್ವ ಚಾಂಪಿಯನ್ ಪಂದ್ಯಗಳು ನಡೆದಾಗ, ಟೋನಿ ಸೈಲರ್ ಎಂಬ ಆಸ್ಟ್ರಿಯದ ತರುಣ ಮೂರು ಚಿನ್ನದ ಪದಕಗಳನ್ನು ಗೆದ್ದನು. ಬತ್ತಿಹೋದ ಗಣಿಯ ಬೆಟ್ಟಗಳಲ್ಲಿ ಮತ್ತೆ ಹುಟ್ಟಿದ ಚಿನ್ನವಿದು!

ಕಲಿಯುವವರಿಗೆ ತಕ್ಕ ತಗ್ಗಾದ ಇಳಿಜಾರುಗಳು ಬೇರೆಯೇ ಇವೆ. ಬೂಟು, ಹಲಗೆ, ಕೋಲು, ಹೆಲ್ಮೆಟ್ಟು ಎಲ್ಲವೂ ಬಾಡಿಗೆಗೆ ದೊರೆಯುವುವು. ಆ ಬೂಟು ಕಬ್ಬಿಣದ ಪೆಟ್ಟಿಗೆಯಂತೆ ಬಿಗಿಯಾಗಿರುವುದು. ಅದನ್ನು ತೊಟ್ಟು ನಾಲ್ಕು ಹೆಜ್ಜೆ ನಡೆಯುವುದೇ ಒಂದು ವ್ಯಾಯಾಮ. ನಮ್ಮ ಗುರುಗಳು ಅರವತ್ತು ದಾಟಿದವರು, ಬಿಸಿಲು ಹಿಮಗಳಿಂದ ಮುಖ ತಾಮ್ರದ ಬಣ್ಣಕ್ಕೆ ತಿರುಗಿದವರು. ಮೊದಲನೆಯ ದಿನ ಅವರು ಕಲಿಸಿದ್ದು ಜಾರುವುದನ್ನಲ್ಲ. ಪಕ್ಕಕ್ಕೆ ಬೀಳುವುದನ್ನು, ಬಿದ್ದ ಮೇಲೆ ಏಳುವುದನ್ನು. ಅನಂತರ ಹಲಗೆಗಳ ಮುಂದುದಿಗಳನ್ನು ಹತ್ತಿರ ತಂದು, ಹಿಂಬದಿಯನ್ನು ಅಗಲಿಸಿ, ನೇಗಿಲಿನಂತೆ ಹಿಮವನ್ನು ಒತ್ತುತ್ತ ವೇಗವನ್ನು ತಡೆಯುವ ಕ್ರಮ. ಇದರಲ್ಲಿ ಒಂದು ಸೋಜಿಗವುಂಟು. ಇಳಿಜಾರನ್ನು ಕಂಡು ಹೆದರಿದ ಮನುಷ್ಯ ಸಹಜವಾಗಿಯೇ ಹಿಂದಕ್ಕೆ ವಾಲುತ್ತಾನೆ. ಹಿಂದಕ್ಕೆ ವಾಲಿದೊಡನೆ ಹಲಗೆಗಳು ಹತೋಟಿ ತಪ್ಪಿ ಓಡತೊಡಗುವುವು. ಹೆದರಿಕೆಯ ಕಡೆಗೇ ಮೈಯನ್ನು ಬಾಗಿಸಿದರೆ ಮಾತ್ರ ಅವು ಮಾತು ಕೇಳುವುವು. ಹುಡುಗ ಇದನ್ನು ಎರಡು ದಿನಗಳಲ್ಲಿ ಕಲಿತನು; ನಮಗೆ ಆರು ದಿನಗಳಾದುವು.

ಅಲ್ಲಿಯ ಇನ್ನೊಂದು ಕಟ್ಟಳೆಯೂ ನಮಗೆ ಹಿಡಿಸಿತು. ಮೇಲಿನಿಂದ ವೇಗವಾಗಿ ಬರುವವನೇ ಕೆಳಗಿರುವವನಿಗೆ ದಾರಿ ಬಿಡಬೇಕು. ಡಿಕ್ಕಿಯಾದರೆ ತಪ್ಪು ಮೇಲಿನವನದು. ಏಕೆಂದರೆ ಕೆಳಗಿನವನು ಹಿಂದಕ್ಕೆ ನೋಡಲಾರ, ಮೇಲಿನವನಿಗೆ ಎಲ್ಲವೂ ಕಾಣುತ್ತದೆ. ಇದು ಹಿಮದ ದಾರಿಗೆ ಮಾತ್ರ ಸಲ್ಲುವ ನಿಯಮವೆಂದು ನಮಗೆ ತೋರಲಿಲ್ಲ.

ಒಂದು ದಿನ ಕೇಬಲ್ ಕಾರಿನಲ್ಲಿ ಸುಮಾರು ೭,೩೭೦ ಅಡಿ ಎತ್ತರದ ಷ್ಟುಬ್ನರ್‌ಕೋಗೆಲ್ ಶಿಖರಕ್ಕೆ ಎಲ್ಲರೂ ಹೋದೆವು, ಅತ್ತಿಗೆಯವರೂ ಬಂದರು. ಅಲ್ಲಿ ೨೦೦೯ರಲ್ಲಿ ಕಟ್ಟಿದ, ೪೬೦ ಅಡಿ ಉದ್ದದ ತೂಗುಸೇತುವೆಯಿದೆ. ಅದರ ಮೇಲೆ ನಿಂತು ನೋಡಿದರೆ ದಿಕ್ಕುದಿಕ್ಕಿಗೂ ಬಿಳಿಯ ಶಿಖರಗಳ ಸಾಲು, ಸದ್ದೆಂಬುದೇ ಇಲ್ಲ. ಬೆಟ್ಟದ ಮೇಲಣ ಮರದ ಮನೆಯೊಂದರಲ್ಲಿ ಊಟ ಮಾಡಿದೆವು. ಅಲ್ಲಿ ಗೆರ್ಮ್‌ಕ್ನೋಡೆಲ್ ಎಂಬ ಭಕ್ಷ್ಯವನ್ನು ತಂದಿಟ್ಟರು. ಹುಳಿಬರಿಸಿದ ಹಿಟ್ಟಿನೊಳಗೆ ಪ್ಲಮ್ ಹಣ್ಣಿನ ಹೂರಣವಿಟ್ಟು, ಹಬೆಯಲ್ಲಿ ಬೇಯಿಸಿ, ಕಾಯಿಸಿದ ಬೆಣ್ಣೆಯನ್ನು ಸುರಿದು, ಗಸಗಸೆಯ ಪುಡಿಯನ್ನೂ ಸಕ್ಕರೆಯನ್ನೂ ಉದುರಿಸಿದುದು. ಅತ್ತಿಗೆಯವರು ಒಂದು ತುತ್ತು ರುಚಿ ನೋಡಿ, “ಇದು ನಮ್ಮ ಸಿಹಿ ಕಡುಬಿನ ದೂರದ ನೆಂಟ” ಎಂದು ತೀರ್ಪಿತ್ತರು. ಎಲ್ಲಿಯೇ ಆಗಲಿ ಎದುರಾದವರು ‘ಗ್ರ್ಯೂಸ್ ಗಾಟ್’ ಎನ್ನುವರು. ದೇವರ ಹೆಸರಿನಲ್ಲಿ ಹೇಳುವ ನಮಸ್ಕಾರವದು. ಗುರುತಿಲ್ಲದವರೂ ಹಾಗೆ ಹೇಳಿ ಹೋಗುವಾಗ ಪರದೇಶವೆಂಬ ಭಾವನೆ ಅರ್ಧ ಕಡಿಮೆಯಾಗುವುದು.

ಇಷ್ಟೆಲ್ಲ ವೈಭವದ ನಡುವೆ ಈ ಊರು ಪಾಳುಬಿದ್ದ ಕಾಲವೂ ಒಂದಿತ್ತೆಂದರೆ ವಾಚಕರು ನಂಬುವುದು ಕಷ್ಟ. ಜಲಪಾತದ ಮಗ್ಗುಲಲ್ಲೇ ಇರುವ ಷ್ಟ್ರಾವ್‌ಬಿಂಗರ್ ಹೋಟೆಲು, ಕೊಲೊರೆಡೊ ಕಟ್ಟಿಸಿದ ಸ್ನಾನದ ಅರಮನೆ, ಹಳೆಯ ಅಂಚೆಮನೆ ಇವೆಲ್ಲ ಖಾಸಗಿಯವರ ಕೈಸೇರಿ, ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತಿದ್ದುವು. ಕಿಟಕಿಗಳು ಒಡೆದುವು, ಮಾಡು ಸೋರಿತು. ಸುತ್ತಲಿನ ಇಳಿಜಾರುಗಳಲ್ಲಿ ಸಾವಿರಾರು ಜನ ಜಾರುತ್ತಿರುವಾಗಲೇ ಊರಿನ ಎದೆ ಕೊಳೆಯುತ್ತಿತ್ತು. ಕೊನೆಗೆ ೨೦೧೭ರಲ್ಲಿ ಪ್ರಾಂತದ ಸರ್ಕಾರವೇ ಅವುಗಳನ್ನು ಕೊಂಡು, ಮರುವರ್ಷ ದುರಸ್ತಿ ಮಾಡಿಸುವವರಿಗೆ ಮಾರಿತು. ೨೦೨೩ರಲ್ಲಿ ಹೋಟೆಲುಗಳಾಗಿ ಅವು ಮತ್ತೆ ಬಾಗಿಲು ತೆರೆದುವು. ಆ ಪಾಳುಗಾಲದಲ್ಲಿಯೂ ಬಿಸಿನೀರು ಮಾತ್ರ ಒಂದು ದಿನವೂ ತಪ್ಪದೆ ಹರಿಯುತ್ತಲೇ ಇತ್ತು.

ಹಿಮದ ವಿಷಯದಲ್ಲಿ ಆ ಭರವಸೆಯಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದೀಚೆಗೆ ಆಲ್ಪ್ಸ್ ಪ್ರದೇಶದ ಉಷ್ಣತೆ ಸುಮಾರು ಎರಡು ಡಿಗ್ರಿ ಏರಿದೆ. ಇಡೀ ಭೂಮಿಯ ಸರಾಸರಿಗಿಂತ ಇದು ಹೆಚ್ಚು. ಹಿಮನದಿಗಳು ಹಿಂದೆ ಸರಿಯುತ್ತಿವೆ. ತಗ್ಗಿನ ಇಳಿಜಾರುಗಳಲ್ಲಿ ಹಿಮ ತಡವಾಗಿ ಬಂದು ಬೇಗನೆ ಕರಗುತ್ತದೆ. ನಾವು ಅಲ್ಲಿದ್ದಾಗಲೂ ಕೆಳಗಣ ಬಯಲುಗಳಲ್ಲಿ ಹುಲ್ಲು ಇಣುಕುತ್ತಿತ್ತು. ನಡುವೆ ಜಾರುವ ದಾರಿ ಮಾತ್ರ ಒಣಹಾಕಿದ ಬಿಳಿಯ ಪಂಚೆಯಂತೆ ಉದ್ದಕ್ಕೆ ಬಿದ್ದಿತ್ತು. ಅದು ಯಂತ್ರಗಳ ಕೆಲಸ. ರಾತ್ರಿಯ ಕೊರೆವ ಗಾಳಿಗೆ ನೀರನ್ನು ಸಣ್ಣ ಹನಿಗಳಾಗಿ ಚಿಮ್ಮಿಸಿದರೆ ಅವು ನೆಲ ಮುಟ್ಟುವ ಮುಂಚೆ ಹೆಪ್ಪುಗಟ್ಟುವುವು. ಎರಡೂವರೆ ಎಕರೆ ನೆಲದ ಮೇಲೆ ಒಂದು ಅಡಿ ಹಿಮವನ್ನು ಹರಡಲು ಸುಮಾರು ಹತ್ತು ಲಕ್ಷ ಲೀಟರು ನೀರು ಬೇಕು. ವಿದ್ಯುತ್ತಿನ ವೆಚ್ಚ ಬೇರೆ. ಚಳಿಯೇ ಬಾರದಿದ್ದರೆ ಈ ಯಂತ್ರಗಳೂ ನಿರುಪಾಯ. ಬಾಲ್ಯದಲ್ಲಿ ಮನೆಯ ಬಾಗಿಲಿನಿಂದಲೇ ಜಾರಿಕೊಂಡು ಶಾಲೆಗೆ ಹೋಗುತ್ತಿದ್ದೆವೆಂದು ನಮ್ಮ ಗುರುಗಳು ಹೇಳಿದರು. ತಮ್ಮ ಮೊಮ್ಮಗ ಈ ವಿದ್ಯೆಯಿಂದ ಜೀವಿಸುವನೆಂದು ಹೇಳುವ ಧೈರ್ಯ ಅವರಿಗಿರಲಿಲ್ಲ. ಊರಿನ ಬಹುಪಾಲು ಮನೆಗಳ ಒಲೆ ಉರಿಯುವುದು ಪ್ರವಾಸಿಗಳಿಂದ. ಹಿಮ ತಪ್ಪಿದರೆ ಬಾಡಿಗೆಯ ಅಂಗಡಿ, ಊಟದ ಮನೆ, ಕೇಬಲ್ ಕಾರಿನ ನೌಕರ, ಎಲ್ಲರಿಗೂ ಅದೇ ಚಿಂತೆ.

ಇಂತಹ ಚಿಂತೆಯ ನಡುವೆ ನಮಗೆ ಸಮಾಧಾನ ತಂದ ಹಳೆಯ ಸಂಗತಿಯೊಂದಿದೆ. ಒಂದು ಕಾಲದಲ್ಲಿ ಬಿಸಿನೀರೆಲ್ಲವೂ ಮೇಲಣ ಊರಿನದೇ ಆಗಿತ್ತು. ಗಣಿ ಬತ್ತಿದ ಹೋಫ್‌ಗಾಸ್ಟೈನ್ ಬಡತನದಲ್ಲಿ ಮುಳುಗಿತ್ತು. ೧೮೩೦ರಲ್ಲಿ, ಚಕ್ರವರ್ತಿಯ ಅಪ್ಪಣೆಯಂತೆ, ಮರದ ಕೊಳವೆಗಳನ್ನು ಜೋಡಿಸಿ ಮೇಲಿನ ನೀರಿನ ಒಂದು ಪಾಲನ್ನು ಕೆಳಗಿನ ಊರಿಗೆ ಹರಿಸಿದರು. ಅದರಿಂದ ಕೆಳಗಿನ ಊರು ಬದುಕಿತು. ಮೇಲಿನ ಊರಿಗೆ ಏನೂ ಕೊರತೆಯಾಗಲಿಲ್ಲ. ಚಿನ್ನವನ್ನು ಬಾಚಿಕೊಂಡ ಮನೆತನದ ಹೆಸರು ಕತೆಯಲ್ಲಿ ಉಳಿದಿದೆ. ಹಂಚಿಕೊಂಡ ನೀರು ಎರಡು ಊರುಗಳಲ್ಲಿಯೂ ಹರಿಯುತ್ತಿದೆ. ಹಿಮವನ್ನು ಉಳಿಸಿಕೊಳ್ಳುವುದು ಆ ಕಣಿವೆಯವರ ಕೈಯಲ್ಲಿ ಮಾತ್ರ ಇಲ್ಲ. ಭೂಮಿಯ ಕಾವನ್ನು ಏರಿಸುತ್ತಿರುವವರಲ್ಲಿ, ವಿಮಾನದಲ್ಲಿ ಹಾರಿ ಅಲ್ಲಿಗೆ ಹೋಗುವ ನಮ್ಮಂತಹವರೂ ಸೇರಿದ್ದೇವೆ.

ಹೋಗಬೇಕೆನ್ನುವವರಿಗೆ ನಾಲ್ಕು ಮಾತು. ಚಳಿಗಾಲದ ಸುಗ್ಗಿಯಲ್ಲಿ ಖರ್ಚು ಬಹಳ. ಮಾರ್ಚಿನಲ್ಲಿ ಹೋದರೆ ಹಗಲು ಉದ್ದ, ಬಿಸಿಲು ಹಿತ. ಒಂದೇ ದಪ್ಪ ಬಟ್ಟೆಗಿಂತ ತೆಳುವಾದ ಮೂರು ಬಟ್ಟೆಗಳನ್ನು ಒಂದರ ಮೇಲೊಂದು ತೊಡುವುದು ಲೇಸು. ಹಿಮದ ಮೇಲಿನ ಬಿಸಿಲು ಕಣ್ಣನ್ನು ಕೆಡಿಸುವುದರಿಂದ ಕಪ್ಪು ಕನ್ನಡಕವಿಲ್ಲದೆ ಹೊರಡಬಾರದು. ಗುರುತು ಹಾಕಿದ ದಾರಿಯನ್ನು ಬಿಟ್ಟು ಹೋಗುವುದು ಹಿಮಕುಸಿತಕ್ಕೆ ಮೈಯೊಡ್ಡಿದಂತೆ. ಜಾರಲು ಬಾರದ ಹಿರಿಯರನ್ನು ಮನೆಯಲ್ಲಿ ಬಿಟ್ಟು ಹೋಗಬೇಕಾಗಿಲ್ಲ. ಆ ಊರಿನಲ್ಲಿ ಅವರಿಗಾಗಿ ಕಾದಿರುವ ನೀರು ಹಿಮಕ್ಕಿಂತ ಬಹಳ ಹಳೆಯದು, ಹೆಚ್ಚು ನಂಬಿಕಸ್ತವಾದುದು.